ಹಿಮದ ಇಳಿಜಾರಿಗೆ ಟಿಕೆಟ್

ಲಿಂಗಸುಗೂರು ಸೀಮೆಯಲ್ಲಿ ಲಿಫ್ಟ್ ಎಂದರೆ ಮೊದಲು ನೆನಪಾಗುವುದು ಹಟ್ಟಿ ಚಿನ್ನದ ಗಣಿಯ ಕೇಜು. ಅದು ಆಳುಗಳನ್ನು ನೆಲದಾಳಕ್ಕೆ ಇಳಿಸುತ್ತದೆ. ಹಿಮದ ನಾಡಿನ ಲಿಫ್ಟ್ ಇದಕ್ಕೆ ತಿರುಗಾಮುರುಗಾ: ಕಾಲಿಗೆ ಸ್ಕೀ ಕಟ್ಟಿಕೊಂಡವರನ್ನು ಗುಡ್ಡದ ಮೇಲೆ ಬಿಟ್ಟು ಬರುತ್ತದೆ, ಇಳಿಯುವುದು ಅವರವರ ಪಾಡು.

ದೇಶದ ದೊಡ್ಡ ಲಿಫ್ಟ್ ಕಾಶ್ಮೀರದ ಗುಲ್ಮಾರ್ಗಿನ ಗೊಂಡೋಲಾ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಮೊದಲ ಹಂತ ಕೊಂಗ್ದೂರಿಯವರೆಗೆ. 2005ರಲ್ಲಿ ಶುರುವಾದ ಎರಡನೆಯದು ಅಫರ್ವತ್ ಬೆಟ್ಟದ ಮೇಲೆ, ಹೆಚ್ಚುಕಡಿಮೆ 3,950 ಮೀಟರಿಗೆ ಮುಟ್ಟಿಸುತ್ತದೆ. ಪ್ರವಾಸಿಗರ ಟಿಕೆಟ್ ಒಂದು ಸಲ ಹೋಗಿಬರುವುದಕ್ಕೆ ಮಾತ್ರ. ಸ್ಕೀ ಆಡುವವರಿಗೆ ಬೇರೆ ಪಾಸ್ ಉಂಟು. ಎರಡನ್ನೂ ಸರ್ಕಾರಿ ಕೇಬಲ್ ಕಾರ್ ನಿಗಮದಿಂದಲೇ ಕೊಳ್ಳಿ, ದಲ್ಲಾಳಿ ಬೇಡ. ಗಾಳಿ ಜೋರಾದರೆ ಮೇಲಿನ ಹಂತ ಮುಚ್ಚುತ್ತದೆ. ಹವಾಮಾನ ಕೇಳಿಯೇ ದುಡ್ಡು ಕಟ್ಟಿ.

ಆದರೆ ಮೊದಲ ಸಲ ಹೋಗುವವರಿಗೆ ಅಫರ್ವತ್ ಬೇಕಾಗಿಯೇ ಇಲ್ಲ. ನಿಲ್ಲುವುದು, ತಿರುಗುವುದು, ಪೆಟ್ಟಾಗದಂತೆ ಬೀಳುವುದು, ಇಷ್ಟನ್ನು ಕಲಿಯಲು ತಗ್ಗಿನ ಬಯಲೇ ಸಾಕು. ಆದ್ದರಿಂದ ಟಿಕೆಟ್ ದರ ಹೋಲಿಸುವ ಮುಂಚೆ ತರಬೇತಿಯ ದರ ಹೋಲಿಸಿ. ಗುಲ್ಮಾರ್ಗಿನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ. ಶುಲ್ಕದಲ್ಲಿ ಊಟ, ವಸತಿ, ಬೂಟು, ಸ್ಕೀ, ಗುರು, ಲಿಫ್ಟ್ ಯಾವ ಯಾವುದು ಸೇರಿದೆ ಎಂದು ಕೇಳಿ, ಒಟ್ಟು ಮೊತ್ತವನ್ನು ದಿನಗಳಿಂದ ಭಾಗಿಸಿ. ಅಗ್ಗ ಯಾವುದೆಂದು ಆಗ ತಿಳಿಯುತ್ತದೆ. ಉತ್ತರಾಖಂಡದ ಔಲಿಯ ಇಳಿಜಾರೂ ಒಳ್ಳೆಯದೇ. ಆದರೆ 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತು. ಹೊರಡುವ ಮುನ್ನ ವಿಚಾರಿಸಿ.

ಲಿಫ್ಟೇ ಬೇಡದ ಸ್ಕೀಯೂ ಒಂದಿದೆ. ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಏರನ್ನೂ ಇಳಿಜಾರನ್ನೂ ಸ್ವಂತ ಕಾಲಿನಲ್ಲೇ ದಾಟಬೇಕು. ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕರ್ನಾಟಕಕ್ಕೆ ಚಿನ್ನ ತಂದದ್ದು ಇದೇ ಬಗೆಯಲ್ಲಿ.

ಕಾಲ ಜನವರಿಯಿಂದ ಮಾರ್ಚ್ ಮೊದಲ ಭಾಗ. ಸಿಂಧನೂರಿನ ಭತ್ತದ ರೈತನಿಗೆ ಇದು ಒಗ್ಗುವ ಹೊತ್ತು: ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ವರ್ಷ ಎರಡನೇ ಬೆಳೆಯ ನಾಟಿ ಮುಗಿಸಿ, ಬಾರದ ವರ್ಷ ಸುಗ್ಗಿ ಮುಗಿಸಿ ಹೊರಡಬಹುದು. ಸಿಂಧನೂರು, ಮಸ್ಕಿ, ಲಿಂಗಸುಗೂರಿನವರು ಬಸ್ಸಿನಲ್ಲಿ ರಾಯಚೂರು ಸೇರಿದರೆ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಅಲ್ಲಿಂದ ಮನಾಲಿಗೆ ರಾತ್ರಿ ಬಸ್ಸು. ಕಾಶ್ಮೀರಕ್ಕಾದರೆ, 2025ರ ಜೂನ್‌ನಿಂದ ಕತ್ರಾ–ಶ್ರೀನಗರ ನಡುವೆಯೂ ರೈಲು ಓಡುತ್ತಿದೆ.

ಜಾಕೆಟ್, ಬೂಟು ಕೊಳ್ಳಬೇಡಿ. ಅಲ್ಲೇ ಬಾಡಿಗೆಗೆ ಸಿಗುತ್ತವೆ. ಉಳಿದ ಹಣದಲ್ಲಿ ಇನ್ನೆರಡು ದಿನ ಹೆಚ್ಚು ಕಲಿಯಿರಿ.