ಗ್ರಾಹಕ ಒಬ್ಬ, ದಾಖಲೆ ನಾಲ್ಕು

ದೊಡ್ಡ ಕಂಪನಿಗಳಲ್ಲಿ ಮಾಹಿತಿಗೆ ಬರವಿಲ್ಲ. ಅದು ಒಂದೆಡೆ ಇರುವುದಿಲ್ಲ, ಅಷ್ಟೆ. ಮಾರಾಟ, ಲೆಕ್ಕಪತ್ರ, ಗೋದಾಮು ಎಂದು ಪ್ರತಿ ವಿಭಾಗಕ್ಕೂ ಅದರದೇ ಸಾಫ್ಟ್‌ವೇರ್. ಮೇಲೆ ಲೆಕ್ಕವಿಲ್ಲದಷ್ಟು ಎಕ್ಸೆಲ್ ಹಾಳೆಗಳು. ಗ್ರಾಹಕರು ಎಷ್ಟು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಯಾವುದೂ ಸುಳ್ಳಾಗಿರಬೇಕಿಲ್ಲ. ಆರ್ಡರ್ ಕೊಟ್ಟವರೆಲ್ಲ ಮಾರಾಟದವರಿಗೆ ಗ್ರಾಹಕರು, ಹಣ ಕಟ್ಟಿದವರಷ್ಟೇ ಲೆಕ್ಕಪತ್ರದವರಿಗೆ.

ಹೀಗೆ ಚದುರಿದ ದಾಖಲೆಗಳನ್ನು ಹೆಣೆಯುವ ತಂತ್ರ ಹಳೆಯದು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಂಡಿಸಿದ ರಿಲೇಷನಲ್ ಮಾದರಿಯಲ್ಲಿ ಕೋಷ್ಟಕದ ಪ್ರತಿ ಸಾಲಿಗೂ ಅದನ್ನಷ್ಟೇ ಗುರುತಿಸುವ ‘ಕೀ’ ಇರುತ್ತದೆ. ಅದೇ ಕೀ ಇನ್ನೊಂದು ಕೋಷ್ಟಕದಲ್ಲೂ ಇದ್ದರೆ ಎರಡನ್ನೂ ಜೋಡಿಸಬಹುದು. ಎರಡು ವ್ಯವಸ್ಥೆಗಳು ತಮ್ಮ ಪಾಡಿಗೆ ತಾವು ಕೀ ಕೊಡುತ್ತಾ ಕೂತಿದ್ದರೆ ಮಾತ್ರ ಪೇಚು.

ಇದಕ್ಕೊಂದು ಉದಾಹರಣೆ ಬ್ಯಾಂಕ್ ವಿಲೀನ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ರಂದು. ಪ್ರತಿ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡಿನ 11 ಅಕ್ಷರಗಳಲ್ಲಿ ಮೊದಲ 4 ಬ್ಯಾಂಕಿನವು, ಕೊನೆಯ 6 ಶಾಖೆಯವು. ‘ಎಸ್‌ವೈಎನ್‌ಬಿ’ ಅಳಿಸಿ ಕೆನರಾದ ‘ಸಿಎನ್‌ಆರ್‌ಬಿ’ ಎಂದಷ್ಟೇ ಬರೆದರೆ, ಎರಡೂ ಕಡೆ ಒಂದೇ ಸಂಖ್ಯೆಯ ಶಾಖೆಗಳಿದ್ದಲ್ಲಿ ಗೊಂದಲ ಖಚಿತ. ಹಾಗಾಗಿ ಸಿಂಡಿಕೇಟಿನ ಶಾಖಾ ಸಂಖ್ಯೆಗಳಿಗೆ 10000 ಕೂಡಿಸಲಾಯಿತು. 3687 ಇದ್ದದ್ದು 13687 ಆಯಿತು. ಲೆಕ್ಕ ಸುಲಭ, ಜಾಣತನದ್ದು ಕೂಡ. ಹಳೆಯ ಕೋಡ್ 2021ರ ಜುಲೈ 1ರಿಂದ ನಿಂತಿತು. ಕೋಡ್ ಬದಲಾದದ್ದು ಬ್ಯಾಂಕಿನಲ್ಲಿ; ಕಡತ ತಿದ್ದಬೇಕಾದದ್ದು ಆ ಖಾತೆಗಳಿಗೆ ಸಂಬಳ ಹಾಕುತ್ತಿದ್ದ ಪ್ರತಿ ಕಚೇರಿ.

ಶಾಖೆಗಳಿಗೆ ಸಂಕಲನ ಸಾಕು, ಮನುಷ್ಯರಿಗೆ ಸಾಲದು. ಒಂದು ದಾಖಲೆಯಲ್ಲಿ ‘ಕೆ. ಎಸ್. ಲಕ್ಷ್ಮಿ’, ಇನ್ನೊಂದರಲ್ಲಿ ‘ಲಕ್ಷ್ಮೀದೇವಿ ಕೆ.’. ಹುಟ್ಟಿದ ದಿನ ಗೊತ್ತಿಲ್ಲದೆ ಜೂನ್ 1 ಎಂದು ಬರೆಸಿಕೊಂಡವರಂತೂ ಎಷ್ಟೋ ಮಂದಿ. ಮೊಬೈಲ್ ನಂಬರನ್ನು ನಂಬೋಣವೆಂದರೆ ಮನೆಮಂದಿಗೆಲ್ಲ ಒಂದೇ ನಂಬರ್. ಪ್ಯಾನ್ ಇದ್ದರೆ ಬಚಾವು. ಇಲ್ಲದಿದ್ದರೆ ಸಾಫ್ಟ್‌ವೇರ್ ಹೆಸರು, ವಿಳಾಸ, ಜನ್ಮದಿನಗಳ ಹೋಲಿಕೆಗೆ ಅಂಕ ಕೊಡುತ್ತದೆ. ಅನುಮಾನದ ಜೋಡಿಗಳನ್ನು ಸಿಬ್ಬಂದಿಯೇ ಕೂತು ನೋಡಬೇಕು. ಒಬ್ಬರು ಇಬ್ಬರಾಗಿ ಉಳಿದರೆ ಎರಡು ಪತ್ರ ಹೋದೀತು. ಇಬ್ಬರು ಒಬ್ಬರಾಗಿಬಿಟ್ಟರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ.

ಹೀಗೆ ಸೋಸಿ ಉಳಿಸಿಕೊಂಡ ಮೂಲ ದಾಖಲೆಗೆ ಮಾಸ್ಟರ್ ಡೇಟಾ ಎನ್ನುತ್ತಾರೆ. ವರದಿಗಳಿಗಾಗಿ ಎಲ್ಲ ವಿಭಾಗಗಳ ಪ್ರತಿಗಳನ್ನು ಡೇಟಾ ವೇರ್‌ಹೌಸ್‌ನಲ್ಲಿ ಒಟ್ಟುಗೂಡಿಸುವುದು ಮುಂದಿನ ಹಂತ, ಅದು ಬಹುಪಾಲು ಯಂತ್ರದ ಕೆಲಸ. ಜಗಳ ಹುಟ್ಟುವುದು ಹೊಣೆಯ ವಿಷಯದಲ್ಲಿ: ವಿಳಾಸ ತಿದ್ದುವ ಅಧಿಕಾರ ಯಾವ ವಿಭಾಗಕ್ಕೆ, ಯಾರು ಬರೀ ಓದಬಹುದು, ‘ಗ್ರಾಹಕ’ ಎಂದರೆ ಯಾರು ಎಂಬುದನ್ನು ಮೇಲಿನವರು ಲಿಖಿತವಾಗಿ ತೀರ್ಮಾನಿಸದಿದ್ದರೆ ಪ್ರತಿ ವಿಭಾಗವೂ ಮತ್ತೆ ತನ್ನದೇ ಎಕ್ಸೆಲ್ ಹಾಳೆ ತೆರೆಯುತ್ತದೆ.