ಮಂಕರಿಯಲ್ಲಿ 21 ದಿನ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ಆಗಾಗ ರಟ್ಟಿನ ಪೆಟ್ಟಿಗೆ ತುಂಬ ಬಣ್ಣದ ಕೋಳಿಮರಿಗಳು ಕಾಣುತ್ತವೆ. ಗುಲಾಬಿ, ಹಸಿರು, ನೇರಳೆ. ಮಕ್ಕಳು ಪೆಟ್ಟಿಗೆ ಬಿಟ್ಟು ಕದಲುವುದಿಲ್ಲ. ಹೆಚ್ಚಿನವು ಮೊಟ್ಟೆಗೆಂದೇ ಬೆಳೆಸಿದ ತಳಿಗಳ ಗಂಡುಮರಿಗಳು. ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಗ ಮೈ ಕಟ್ಟುವುದಿಲ್ಲ, ಹಾಗಾಗಿ ಹ್ಯಾಚರಿಗೆ ಬೇಡವಾದವು. ಕಳೆದ ವರ್ಷ ನನ್ನ ಮಗಳು ಹಠ ಹಿಡಿದು ಇಂಥ ಮೂರನ್ನು ಮನೆಗೆ ತಂದಳು. ಅದೇ ವಾರ ಕೆ.ಆರ್. ಪುರದ ನಮ್ಮ ಹಿತ್ತಲಲ್ಲಿ ನಾಟಿ ಹೇಟೆಯೊಂದು ಕಾವು ಮುಗಿಸುವುದರಲ್ಲಿತ್ತು.

ಹೇಟೆ ಕಾವಿಗೆ ಕೂತರೆ ನೋಡಿದ ಕೂಡಲೇ ತಿಳಿಯುತ್ತದೆ. ಗೂಡಿನಲ್ಲಿ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ, ಕೈ ಹತ್ತಿರ ಹೋದರೆ ಪುಕ್ಕ ಕೆದರಿ ಗುರ್ ಎನ್ನುತ್ತದೆ, ಎದೆಯ ಪುಕ್ಕ ಉದುರಿ ಬರಿಯ ಚರ್ಮವೇ ಮೊಟ್ಟೆಗೆ ತಾಗುತ್ತದೆ. ದಿನಕ್ಕೊಮ್ಮೆ ಎದ್ದು ಹತ್ತಿಪ್ಪತ್ತು ನಿಮಿಷದಲ್ಲಿ ಕಾಳು, ನೀರು, ಹಿಕ್ಕೆ ಎಲ್ಲ ಮುಗಿಸಿ ಓಡಿ ಬರುತ್ತದೆ. ಪಕ್ಕದ ಮನೆಯ ಅಜ್ಜಿ ಮಂಕರಿಗೆ ಬೂದಿ ಹರಡಿ, ಬೇವಿನ ಸೊಪ್ಪು ಹಾಸಿ, ಹತ್ತು ಮೊಟ್ಟೆ ಇಟ್ಟುಕೊಟ್ಟಿದ್ದರು. ಬೂದಿ, ಬೇವು ಎರಡೂ ಹೇನಿಗೆ. ಮೂರು ವಾರ ಕದಲದೆ ಕೂರುವ ಕೋಳಿಯನ್ನು ಹೇನು ಮುತ್ತಿದರೆ ಅದು ಸೊರಗುತ್ತದೆ, ಕೆಲವೊಮ್ಮೆ ಮೊಟ್ಟೆ ಬಿಟ್ಟೇ ಎದ್ದುಬಿಡುತ್ತದೆ. ಮಂಕರಿಯನ್ನು ಮೆಟ್ಟಿಲಡಿಯ ಕತ್ತಲಿಗೆ ಸರಿಸಿ ಅಜ್ಜಿ ಹೇಳಿದ್ದು ಒಂದೇ ಮಾತು: “ದಿನಾ ಎತ್ತಿ ನೋಡಬೇಡ ಕಣಪ್ಪ, ಅದರ ಕೆಲಸ ಅದಕ್ಕೆ ಗೊತ್ತೈತೆ.”

ಆ ಕೆಲಸ ಇಂದು ಎಲ್ಲ ಕೋಳಿಗೂ ಗೊತ್ತಿಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸುತ್ತದೆ, ವ್ಯಾಪಾರಕ್ಕೆ ಅದು ನಷ್ಟ. ಹಾಗಾಗಿ ಬಿಳಿ ಲೆಗ್‌ಹಾರ್ನ್‌ನಂಥ ತಳಿಗಳಲ್ಲಿ ತಲೆಮಾರುಗಳ ಆಯ್ಕೆಯಿಂದ ಕಾವಿನ ಗುಣವನ್ನೇ ಕಳೆದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹಿತ್ತಲಿಗೆಂದು ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ಎಷ್ಟೋ ಮನೆಗಳಿಗೆ ನೆರವಾಗಿವೆ, ಆ ಕೆಲಸ ಸಣ್ಣದಲ್ಲ. ಆದರೂ ಮರಿ ಬೇಕೆಂದರೆ ಮತ್ತೆ ಹ್ಯಾಚರಿಯ ಬಾಗಿಲಿಗೇ ಹೋಗಬೇಕು. ತಾನೇ ಮರಿ ಮಾಡಿ ಸಾಕುವುದು ನಾಟಿ ಹೇಟೆ. ಮೊಟ್ಟೆಯ ಲೆಕ್ಕದಲ್ಲಿ ಅದು ಸೋಲುತ್ತದೆ ನಿಜ, ಆದರೆ ಆ ಲೆಕ್ಕದಲ್ಲಿ ಈ 21 ದಿನಗಳಿಗೆ ಬೆಲೆಯನ್ನೇ ಕಟ್ಟಿಲ್ಲ.

ಇಪ್ಪತ್ತನೆಯ ದಿನ ಮೊಟ್ಟೆಯೊಳಗಿಂದಲೇ ಚಿಂವ್ ಸದ್ದು ಬಂತು, ಹೇಟೆ ಕೆಳದನಿಯಲ್ಲಿ ಕೊಕ್ ಕೊಕ್ ಎಂದು ಉತ್ತರ ಕೊಟ್ಟಿತು. ಓಡಿನಲ್ಲಿ ಬಿರುಕು ಕಂಡ ಮೇಲೂ ಮರಿ ಹೊರಬರಲು ಅರ್ಧ ದಿನ, ಒಮ್ಮೊಮ್ಮೆ ಇಡೀ ದಿನ ಬೇಕು. ಆಗ ನಮ್ಮ ಕೈ ತುರಿಸುತ್ತದೆ. ಓಡು ಸುಲಿಯಬಾರದು. ಒಳಪೊರೆಯ ರಕ್ತನಾಳಗಳಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ಉಳಿದ ಹಳದಿ ಆಗಷ್ಟೇ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಆ ಹಳದಿಯೇ ಮರಿಗೆ ಎರಡು-ಮೂರು ದಿನದ ಬುತ್ತಿ. ಮೊದಲು ಒಡೆದ ಮರಿ ಹಸಿವಿಲ್ಲದೆ ರೆಕ್ಕೆಯಡಿ ಇರಲಿ, ತಡವಾದ ಮೊಟ್ಟೆಗೂ ತಾಯಿ ಕಾವು ಕೊಡಲಿ ಎಂಬ ಏರ್ಪಾಡು ಇದು. ಹ್ಯಾಚರಿಗಳು ಒಂದು ದಿನದ ಮರಿಯನ್ನು ಪೆಟ್ಟಿಗೆಗೆ ತುಂಬಿ ದೂರದೂರಿಗೆ ಕಳಿಸುವುದೂ ಇದೇ ಬುತ್ತಿಯ ಬಲದಿಂದ. ಇದು ತಿಳಿದ ಮೇಲೆ ಶಿವಾಜಿನಗರದ ಆ ಪೆಟ್ಟಿಗೆಯನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಏಳು ಮರಿ ಆದವು. ಆ ರಾತ್ರಿ, ಪೂರ್ತಿ ಕತ್ತಲಾದ ಮೇಲೆ, ಬಣ್ಣದ ಮೂರನ್ನೂ ಒಂದೊಂದಾಗಿ ಹೇಟೆಯ ಹೊಟ್ಟೆಯಡಿ ಸರಿಸಿದೆವು. ಹಗಲಲ್ಲಿ ಇಟ್ಟರೆ ಬಣ್ಣ ನೋಡಿ ಕುಕ್ಕಬಹುದು. ಸಂತೆಯ ಮರಿ ರೋಗ ತರಬಹುದೆಂಬ ಭಯವೂ ಇತ್ತು. ಬೇರೆ ಇಟ್ಟು ಕಾಯೋಣವೆಂದರೆ ಮರಿ ತಾಯಿಯನ್ನು ಹಚ್ಚಿಕೊಳ್ಳುವ ಮೊದಲ ದಿನಗಳು ಕಳೆದುಹೋಗುತ್ತವೆ. ಬೆಳಿಗ್ಗೆ ಹೊತ್ತಿಗೆ ಹಸಿರಿನದು ಸತ್ತಿತ್ತು, ತಂದಾಗಲೇ ಅದು ತೂಕಡಿಸುತ್ತಿತ್ತು. ಉಳಿದೆರಡು ರೆಕ್ಕೆಯ ಸಂದಿಯಿಂದ ತಲೆ ಹಾಕಿ ನೋಡುತ್ತಿದ್ದವು.

ಕೋಳಿ ತುಳಿದರೆ ಮರಿ ಸಾಯುತ್ತದೆಯೇ ಎನ್ನುತ್ತಾರೆ. ಇಕ್ಕಟ್ಟಿನ ಜಾಗದಲ್ಲಿ ಸಾಯುತ್ತದೆ. ಆದ್ದರಿಂದ ಜಾಗ ಅಗಲವಿರಲಿ. ನೆಲಕ್ಕೆ ಹಳೇ ಪೇಪರ್ ಹಾಸಿದರೆ ಮರಿಯ ಕಾಲು ಜಾರಿ ಅಗಲವಾಗಿಬಿಡುತ್ತದೆ, ಗೋಣಿಚೀಲ ಮೇಲು. ನೀರನ್ನು ತಟ್ಟೆಯಲ್ಲಿಟ್ಟು ಬೆಣಚುಕಲ್ಲು ಹಾಕಬೇಕು, ಇಲ್ಲವಾದರೆ ಮುಳುಗುತ್ತವೆ. ನುಚ್ಚು, ರಾಗಿಯ ಜೊತೆ ಮರಿಗಳ ಫೀಡ್ ಬೇಕು. ಮೊಟ್ಟೆ ಕೋಳಿಯ ಫೀಡ್‌ನಲ್ಲಿ ಸುಣ್ಣದ ಅಂಶ ಹೆಚ್ಚು, ಅದು ಮರಿಯ ಮೂತ್ರಪಿಂಡಕ್ಕೆ ಕೆಡುಕು.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮಾತ್ರ ತಪ್ಪಿಸುವಂತಿಲ್ಲ. 5ರಿಂದ 7ನೇ ದಿನದೊಳಗೆ ಕಣ್ಣಿಗೊಂದು ಹನಿ. ತೊಡಕೆಂದರೆ ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನಾವು ಓಣಿಯ ನಾಲ್ಕು ಮನೆಯವರು ದುಡ್ಡು ಹಾಕಿ ಐಸ್ ತುಂಬಿದ ಫ್ಲಾಸ್ಕಿನಲ್ಲಿ ತಂದು ಒಂದೇ ಬೆಳಿಗ್ಗೆ ಎಲ್ಲ ಪಿಳ್ಳೆಗಳಿಗೂ ಹಾಕಿದೆವು. ನಗರದಲ್ಲಿ ಕೋಳಿ ಸಾಕುವವರು ಒಬ್ಬರಿಗೊಬ್ಬರು ಗುರುತಿರಬೇಕಾದದ್ದು ಇದಕ್ಕೇ. ಸಂಶಯವಿದ್ದರೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಬಹುದು.

ಮಾಂಸದಂಗಡಿ ಇದ್ದಲ್ಲೆಲ್ಲ ಹದ್ದುಗಳಿವೆ, ನಮ್ಮ ಬೀದಿಯ ಮೇಲೂ ಸುತ್ತುತ್ತವೆ. ನೆರಳು ಹಾದರೆ ಸಾಕು, ಹೇಟೆ ಒಂದೇ ಸಲ ಕಿರ್ ಎನ್ನುತ್ತದೆ, ಮರಿಗಳು ಇದ್ದಲ್ಲೇ ಮಾಯವಾಗುತ್ತವೆ. ಗುಲಾಬಿಯದೂ ಆ ಮಾತನ್ನು ಎರಡೇ ದಿನದಲ್ಲಿ ಕಲಿತಿತು. ಪುಕ್ಕ ಮೂಡಿದಂತೆ ಬಣ್ಣ ಹೋಗಿ ಅದು ಬೆಳ್ಳಗಾಯಿತು.

ಎರಡು ತಿಂಗಳಾಗುತ್ತಿದ್ದಂತೆ ಹೇಟೆಯ ಜುಟ್ಟು ಮತ್ತೆ ಕೆಂಪೇರಿತು. ಒಂದು ಬೆಳಿಗ್ಗೆ ಕಾಳಿನ ತಟ್ಟೆಗೆ ಬಂದ ಮರಿಗಳನ್ನು ಕುಕ್ಕಿ ಅಟ್ಟಿತು. ತನ್ನ ಏಳನ್ನೂ, ಶಿವಾಜಿನಗರದ ಎರಡನ್ನೂ, ಒಂದೇ ಸಮನಾಗಿ.