ಒಂದೇ ಯಂತ್ರ, ಎರಡು ವ್ಯವಸ್ಥೆ

ವಾಡಿ ಜಂಕ್ಷನ್ನಿನ ಪರಿಚಯವಿಲ್ಲದವರು ನಮ್ಮ ವಾಚಕರಲ್ಲಿ ವಿರಳ. ಮುಂಬಯಿಯಿಂದ ರಾಯಚೂರಿಗೆ ಸಾಗುವ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯೂ, 1874ರಲ್ಲಿ ತೆರೆದ ನಿಜಾಮ ಸಂಸ್ಥಾನದ ಸಿಕಂದರಾಬಾದಿನ ಹಳಿಯೂ ಅಲ್ಲಿಯೇ ಕೂಡಿದವು. ಒಡೆಯರು ಇಬ್ಬರು, ನಿಲ್ದಾಣ ಒಂದೇ. ಶಹಾಬಾದದ ಕಡೆಯಿಂದ ಬಂದ ಗಾಡಿಯು ನೆಟ್ಟಗೆ ರಾಯಚೂರಿಗೆ ಹೋಗಬೇಕೋ, ಚಿತ್ತಾಪುರ-ಸೇಡಂಗಳತ್ತ ಹೊರಳಬೇಕೋ ಎಂಬದು ಹಳಿ ತಿರುಗಿಸುವವನ ಕೈಯಲ್ಲಿತ್ತು. ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯವ್ಯವಸ್ಥೆಗಳನ್ನು ಇಟ್ಟುಕೊಳ್ಳುವ ಬಗೆಯನ್ನು ತಿಳಿಯಲು ಇದಕ್ಕಿಂತ ಹತ್ತಿರದ ದೃಷ್ಟಾಂತವು ಬೇಡ.

ಈ ಮಾತನ್ನು ಈಗಲೇ ಎತ್ತಲು ಕಾರಣವುಂಟು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಕೆಲಕಾಲದ ಹೆಚ್ಚಿನ ರಕ್ಷಣೆಗೆ ಏರ್ಪಾಡು ಇದ್ದರೂ ಅದು ಶಾಶ್ವತವಲ್ಲ. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ರಕ್ಷಣಾಭಾಗವನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಬೇಡುತ್ತದೆ. ಹೀಗಾಗಿ ಗಟ್ಟಿಮುಟ್ಟಾಗಿರುವ ಎಷ್ಟೋ ಯಂತ್ರಗಳು ಒಂದು ದಿನಾಂಕದ ಮೂಲಕ ಮುದುಕಾದವು. ಸೇಡಂ, ಚಿಂಚೋಳಿಗಳ ಸಣ್ಣ ಮುದ್ರಣಾಲಯದವನಿಗೂ ಹಳ್ಳಿಯ ಶಾಲೆಗೂ ಹೊಸ ಯಂತ್ರವೆಂದರೆ ವರ್ಷದ ಉಳಿತಾಯವೇ ಕರಗುವ ಮಾತು.

ಲಿನಕ್ಸಿನ ತಿರುಳನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದನು. ಅದಕ್ಕೂ ಮುಂಚೆ, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ‘ಗ್ನೂ’ ಯೋಜನೆಯನ್ನು ಸಾರಿದ್ದನು. ಇವೆರಡೂ ಕೂಡಿ ಬೆಳೆದ ಈ ವ್ಯವಸ್ಥೆಯನ್ನು ಯಾರೂ ಬಳಸಬಹುದು, ತಿದ್ದಬಹುದು, ನೆರೆಯವನಿಗೆ ಪ್ರತಿ ಮಾಡಿ ಕೊಡಬಹುದು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯೂ ಇದರ ಮೇಲೆಯೇ ‘ಬಾಸ್’ ಎಂಬದನ್ನು ಕಟ್ಟಿದೆ. ಕೇರಳದ ಶಾಲೆಗಳು ಅನೇಕ ವರ್ಷಗಳಿಂದ ಲಿನಕ್ಸಿನಲ್ಲಿಯೇ ಪಾಠ ನಡೆಸುತ್ತಿರುವದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಇದು ಹೊಸದಲ್ಲ.

“ನಮ್ಮ ಅಕ್ಷರಜೋಡಣೆಯೆಲ್ಲ ವಿಂಡೋಸಿನಲ್ಲಿದೆಯಲ್ಲ?” ಎಂದು ಮುದ್ರಕರು ಕೇಳುವದು ನ್ಯಾಯವೇ. ಅದಕ್ಕಾಗಿಯೇ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಿರೆಂದು ನಾವು ಹೇಳುತ್ತಿಲ್ಲ. ಹಾರ್ಡ್ ಡಿಸ್ಕಿನಲ್ಲಿ ವಿಂಡೋಸಿನ ಪಾಲನ್ನು ಕುಗ್ಗಿಸಿ, ಉಳಿದ ಜಾಗೆಯಲ್ಲಿ ಲಿನಕ್ಸನ್ನು ಇಳಿಸಬಹುದು. ಯಂತ್ರವನ್ನು ತೆರೆದಾಗ ‘ಗ್ರಬ್’ ಎಂಬ ಸಣ್ಣ ಕಾರ್ಯಕ್ರಮವು ಯಾವ ಹಳಿ ಬೇಕೆಂದು ಕೇಳುವದು. ಅಂತರ್ಜಾಲದ ಕೆಲಸವನ್ನು ಲಿನಕ್ಸಿನಲ್ಲಿಯೂ, ಹಳೆಯ ಅಕ್ಷರಜೋಡಣೆಯನ್ನು ಜಾಲದ ಸಂಪರ್ಕ ಕಡಿದ ವಿಂಡೋಸಿನಲ್ಲಿಯೂ ನಡೆಸಿದರೆ ಅಪಾಯವು ಬಹಳ ಕಡಿಮೆ. 1993ರಿಂದ ಬೆಳೆದ ‘ವೈನ್’ ಎಂಬದು ವಿಂಡೋಸಿನ ಕೆಲವು ಕಾರ್ಯಕ್ರಮಗಳನ್ನು ಲಿನಕ್ಸಿನೊಳಗೇ ನಡೆಸಬಲ್ಲದು, ಎಲ್ಲವನ್ನೂ ಅಲ್ಲ. ನುಡಿಯಲ್ಲಿ ಪಳಗಿದ ಬೆರಳುಗಳಿಗೂ ಕಷ್ಟವಿಲ್ಲ. ಅದೇ ಕಗಪ ಕೀಲಿಮಣೆಯು ಲಿನಕ್ಸಿನಲ್ಲಿಯೂ ದೊರೆಯುವದು. ಆದರೆ ಹಳೆಯ ಫಾಂಟಿನಲ್ಲಿ ಬರೆದಿಟ್ಟ ಬರಹಗಳು ನಮ್ಮ ಹಿರಿಯರ ಹಾಲಿ ಸಿಕ್ಕಾ ರೂಪಾಯಿಯಂತೆ: ಎಲ್ಲೆಯೊಳಗೆ ನಡೆದವು, ಎಲ್ಲೆ ದಾಟಿದರೆ ಬದಲಿಸಿಕೊಳ್ಳಲೇಬೇಕು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನು ಮುಂದೂಡಬಾರದು.

ಇನ್ನು ಎಚ್ಚರಿಕೆಯ ಮಾತು. ನಮ್ಮ ಕಚೇರಿಯಲ್ಲಿಯೇ ಈ ಕೆಲಸಕ್ಕೆ ಕುಳಿತ ತರುಣನು, ಯಂತ್ರವು ಕೇಳಿದ ಪ್ರಶ್ನೆಯನ್ನು ಪೂರ್ತಿಯಾಗಿ ಓದದೆ, ಡಿಸ್ಕನ್ನೆಲ್ಲ ಅಳಿಸಲು ಒಪ್ಪಿಗೆ ಕೊಟ್ಟನು. ಚಂದಾದಾರರ ಪಟ್ಟಿಯೂ ಎರಡು ವರ್ಷಗಳ ಲೆಕ್ಕವೂ ಕ್ಷಣಾರ್ಧದಲ್ಲಿ ಹೋದವು. ಅವನು ಅಂದು ಊಟವನ್ನೇ ಮಾಡಲಿಲ್ಲ. ತಪ್ಪು ಅವನದಲ್ಲ, ಪ್ರತಿ ತೆಗೆದಿಡದ ನಮ್ಮದೆಂದು ನಾವೇ ಅವನಿಗೆ ಹೇಳಬೇಕಾಯಿತು. ಪಟ್ಟಿಯನ್ನು ರಸೀದಿ ಪುಸ್ತಕಗಳಿಂದ ಮತ್ತೆ ಬರೆಯಲು ಮೂರು ವಾರಗಳು ಹಿಡಿದವು.

ಆದ್ದರಿಂದ ಮೊದಲು ಎಲ್ಲ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡಿರಿ. ಬಿಟ್‌ಲಾಕರ್ ಬೀಗವಿದ್ದರೆ ಅದರ ಮರುಪ್ರಾಪ್ತಿಯ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಏರ್ಪಾಡನ್ನು ನಿಲ್ಲಿಸಿರಿ. ಇಲ್ಲವಾದರೆ ವಿಂಡೋಸ್ ಅರೆನಿದ್ದೆಯಲ್ಲಿ ಬಿಟ್ಟ ಕಡತಗಳನ್ನು ಲಿನಕ್ಸ್ ಮುಟ್ಟಿದಾಗ ಕೆಡುಕಾಗಬಹುದು. ಗಡಿಯಾರವು ಐದೂವರೆ ಗಂಟೆ ಹಿಂದೆ ಬಿದ್ದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದೊಳಗೆ ಜಾಗತಿಕ ಕಾಲವನ್ನು ಇಡುವದು, ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುವದು. ಒಂದು ಆಜ್ಞೆಯಿಂದ ಇದು ಸರಿಹೋಗುವದು.

ಇಷ್ಟಕ್ಕೂ ಧೈರ್ಯವಾಗದವರು ಪೆನ್ ಡ್ರೈವಿನಿಂದಲೇ ಲಿನಕ್ಸನ್ನು ಒಂದು ದಿನ ನಡೆಸಿ ನೋಡಬಹುದು. ಸ್ಥಾಪಿಸಲು ಹೇಳುವವರೆಗೆ ಡಿಸ್ಕಿನಲ್ಲಿ ಅಕ್ಷರವೂ ಬದಲಾಗದು. ಶಾಲಾ ಸಮಿತಿಗಳೂ ಮುದ್ರಕರೂ ಹಳೆಯ ಯಂತ್ರವನ್ನು ಗುಜರಿಗೆ ತೂಗುವ ಮುನ್ನ ಇಷ್ಟನ್ನಾದರೂ ಮಾಡಬೇಕೆಂದು ನಮ್ಮ ಆಗ್ರಹ. ಹಳಿ ತಿರುಗಿಸುವ ವಿದ್ಯೆಯನ್ನು ಕಲಿತವನಿಗೆ ಒಂದು ಮಾರ್ಗ ಮುಚ್ಚಿದರೂ ಪ್ರಯಾಣವು ನಿಲ್ಲದು.